ಕೊಣನೂರಿನ ಹೊಳೆ

ಹೊಳೆನರಸೀಪುರದ ಸೈಬರ್ ಸೆಂಟರಿನ ಆ ಮಾಲೀಕನನ್ನು ನೆನೆದರೆ ನನಗೆ ಇಂದಿಗೂ ಕೋಪ ಬರುತ್ತದೆ. ಮಕ್ಕಳ ಪ್ರಾಜೆಕ್ಟಿಗೆಂದು ಅಂತರ್ಜಾಲದ ವಿಶ್ವಕೋಶದ ಪುಟಗಳನ್ನು ಮುದ್ರಿಸಿ, ಮೇಜಿಗೆ ಕುಟ್ಟಿ ಅಂಚು ಸರಿಮಾಡಿ, "ನೆಟ್ನಲ್ಲೇ ಐತೆ, ಇನ್ನೇನ್ ಬೇಕು?" ಎನ್ನುತ್ತ ಕೊಡುತ್ತಿದ್ದ.

ಒಮ್ಮೆ ನನ್ನ ತರಗತಿಯ ಅಷ್ಟೂ ಮಕ್ಕಳು ಕೊಣನೂರು ಹೇಮಾವತಿಯ ದಡದಲ್ಲಿದೆ ಎಂದು ಬರೆದು ತಂದರು. ಅದು ಕಾವೇರಿಯ ದಡದ ಊರು. ಎಲ್ಲರಿಗೂ ಸೊನ್ನೆ ಹಾಕಿ, ನೇರವಾಗಿ ಅವನ ಅಂಗಡಿಗೆ ನಡೆದೆ.

"ಯಾರಯ್ಯಾ ಇದನ್ನು ಬರೆದವರು?"

"ಯಾರ್ ಬೇಕಾದ್ರೂ ಬರೀಬೋದು ಸಾ. ತಪ್ಪಿದ್ರೆ ನೀವೇ ತಿದ್ಬುಡಿ, ಕೂತ್ಕಳಿ" ಎಂದು ಕುರ್ಚಿ ಒರೆಸಿದ.

ತಿದ್ದಿದೆ. ಮರುವಾರ ಹೋಗಿ ನೋಡಿದರೆ, ಪುರಾವೆಯಿಲ್ಲವೆಂದು ಯಾರೋ ನನ್ನ ಕಾವೇರಿಯನ್ನು ಅಳಿಸಿ ಹೇಮಾವತಿಯನ್ನೇ ಮರಳಿ ತಂದಿದ್ದರು.

"ಆ ಸುಳ್ಳಿಗೆ ಯಾವ ಪುರಾವೆಯಂತೆ?" ಎಂದು ಗದರಿದೆ.

ಅವನು ಪುಟದ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. "ನಿಮ್ ಸ್ಕೂಲಿನ ಮ್ಯಾಗಜೀನಂತೆ ಸಾ."

ಅದು ಹಿಂದಿನ ವರ್ಷ ನಾನೇ ಸಂಪಾದಿಸಿದ್ದ ಸಂಚಿಕೆ. ಕೊಣನೂರಿನ ಬಗ್ಗೆ ವಿದ್ಯಾರ್ಥಿಯೊಬ್ಬ ಬರೆದಿದ್ದ ಲೇಖನದಲ್ಲಿ ಒಂದೊಂದು ಅಲ್ಪವಿರಾಮವನ್ನೂ ತಿದ್ದಿದ್ದ ನಾನು ಹೊಳೆಯ ಹೆಸರನ್ನು ಗಮನಿಸಿರಲಿಲ್ಲ.

ಅವನು ನಗಲಿಲ್ಲ. ಆ ಪುಟವನ್ನು ಮುದ್ರಿಸಿ, ಮೇಜಿಗೆ ಕುಟ್ಟಿ ಅಂಚು ಸರಿಮಾಡಿ, ನನ್ನ ಕೈಗೆ ಕೊಟ್ಟ.