ಗ್ಯಾಲರಿಯಲ್ಲಿ ಹೊದಿಸಿದ ಬೆಡ್‌ಶೀಟು

ಸರೋಜಕ್ಕ, ನಿಮ್ಮ ಗ್ಯಾಲರಿಗೆ, ಆ ಪುಟ್ಟ ಬಾಲ್ಕನಿಗೆ, ಬೆಂಕಿ ಹತ್ತಿದ್ದು ನಿಮ್ಮ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಅಲ್ಲ. ನನ್ನಿಂದ. ಅದು ನನಗೆ ಆ ದಿನವೇ ಗೊತ್ತಿತ್ತು — ಗೊತ್ತಿದ್ದೂ ಎಲ್ಲರ ಮುಂದೆ ಸುಳ್ಳು ಹೇಳಿದೆ.

ಮುಂಬೈ ಬಳಿ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಚಾರ್ಜ್ ಮಾಡಬಾರದೆಂದು ಕಮಿಟಿ ನೋಟಿಸ್ ಹಾಕಿತ್ತು. ಪಾರ್ಕಿಂಗಿನಲ್ಲಿ ಪಾಯಿಂಟ್ ಕೊಡಲಿಲ್ಲ, ಮನೆಯೊಳಗೂ ಬೇಡವೆಂದರು. ಹಾಗಾಗಿ ಎಲ್ಲರೂ ಬ್ಯಾಟರಿ ಬಿಚ್ಚಿ, ತರಕಾರಿ ಚೀಲದಲ್ಲಿಟ್ಟುಕೊಂಡು, ಮೇಲೆ ಕೊತ್ತಂಬರಿ ಕಾಣುವಂತೆ ಇಟ್ಟು ಲಿಫ್ಟ್ ಹತ್ತುತ್ತಿದ್ದರು. ನಾನೂ ಹತ್ತುತ್ತಿದ್ದೆ. ಆದರೆ ನಮ್ಮ ಮನೆಯಲ್ಲಿ ಚಾರ್ಜಿಗೆ ಇಡಲು ಅಮ್ಮ ಬಿಡಲಿಲ್ಲ, ಅವಳಿಗೆ ಹೆದರಿಕೆ. ಪಕ್ಕದ ಮನೆಯಲ್ಲಿದ್ದ ನೀವು ಕರೆದಿರಿ: "ಇಲ್ಲಿ ಇಡು ಮಾರಾಯ್ತಿ. ನನ್ನ ಗ್ರೈಂಡರಿಗೂ ಒಂದು ಜೊತೆ ಆಯ್ತು."

ಅಮ್ಮನ ಹೆದರಿಕೆಯನ್ನು ನಾನು ನಿಮ್ಮ ಮನೆಗೆ ಸಾಗಿಸಿದೆ — ಈಗ ಹಾಗೆ ಅನಿಸುತ್ತದೆ. ಆಗ ಅನಿಸಲಿಲ್ಲ.

ನಿಮ್ಮ ಗ್ಯಾಲರಿಗೆ ಮಧ್ಯಾಹ್ನದ ನಂತರ ನೇರ ಬಿಸಿಲು. ಬಿಲ್ಡಿಂಗಿನ ಎದುರಿನ ವಿಂಗಿನಲ್ಲಿ ಕಮಿಟಿ ಸೆಕ್ರೆಟರಿಯ ಮನೆ. ಅವರಿಗೆ ಕಾಣಬಾರದೆಂದು ಬ್ಯಾಟರಿ ಮತ್ತು ಚಾರ್ಜರ್ ಎರಡರ ಮೇಲೂ ನಾನು ಹಳೆಯ ಬೆಡ್‌ಶೀಟು ಹೊದಿಸುತ್ತಿದ್ದೆ. ಒಮ್ಮೆ ನೀವು ನಕ್ಕು ಕೇಳಿದ್ದಿರಿ, "ಇಷ್ಟು ಸೆಕೆಯಲ್ಲಿ ಇದಕ್ಕೆ ಕಂಬಳಿ ಯಾಕೆ? ಬಾಣಂತಿಯಾ ಇದು?"

"ತೆಗೀಬೇಡಿ ಅಕ್ಕ, ಏನೂ ಆಗಲ್ಲ," ಎಂದೆ.

ಇದೇ ವಿಷಯ ಓದಿ ಇಂಜಿನಿಯರಿಂಗ್ ಪಾಸಾದವಳು ನಾನು. ಬಿಸಿಯಾದ ಬ್ಯಾಟರಿಯನ್ನು ನೆರಳಿನಲ್ಲಿಟ್ಟು, ತಣ್ಣಗಾದ ಮೇಲೆಯೇ ಚಾರ್ಜಿಗೆ ಹಾಕಬೇಕು. ಗಾಳಿಯಾಡುತ್ತಿರಬೇಕು. ಮೇಲೆ ಏನನ್ನೂ ಹೊದಿಸಬಾರದು. ಕಂಪನಿಗೆ ಹೊಸದಾಗಿ ಸೇರಿದವರಿಗೆ ಇದನ್ನು ನಾನೇ ಹೇಳಿಕೊಡುತ್ತಿದ್ದೆ — ಹೇಳಿಕೊಟ್ಟು ಮನೆಗೆ ಬಂದು...

ಆ ದಿನ ಮಹಾಪೆಯ ಕಂಪನಿಯಲ್ಲಿ ಫಸ್ಟ್ ಶಿಫ್ಟ್ ಮುಗಿಸಿ ಶಿಳ್ ರಸ್ತೆಯ ಟ್ರಾಫಿಕ್ಕಿನಲ್ಲಿ ಏಪ್ರಿಲ್ ಬಿಸಿಲಿನಲ್ಲಿ ಬೆಂದು ಬಂದಿದ್ದೆ. ಚೀಲದೊಳಗಿನ ಬ್ಯಾಟರಿಯ ಬಿಸಿ ಕಾಲಿಗೆ ತಾಗುತ್ತಿತ್ತು. ಸಂಜೆ ಕಲ್ಯಾಣದಲ್ಲಿ ಗೆಳತಿಯ ಮೆಹಂದಿ. ಅಷ್ಟರಲ್ಲಿ ಚಾರ್ಜ್ ಆಗಬೇಕಿತ್ತು. ಬಿಸಿಬಿಸಿಯಾಗಿಯೇ ಹಾಕಿದೆ. ಬೆಡ್‌ಶೀಟು ಹೊದಿಸಿದೆ. ಮನೆಗೆ ಹೋಗಿ ಫ್ಯಾನಿನ ಕೆಳಗೆ ಮಲಗಿದೆ.

ಎಚ್ಚರವಾದದ್ದು ನಿಮ್ಮ ಕೂಗಿಗೆ. ಓಡಿ ಬಂದಾಗ ಗ್ಯಾಲರಿಯ ತುಂಬ ಹೊಗೆ. ಉರಿಯುತ್ತಿದ್ದ ಬೆಡ್‌ಶೀಟನ್ನು ನೀವು ಬರಿಗೈಯಲ್ಲಿ ಎಳೆದು ಹಾಕಿದ್ದಿರಿ — ನನ್ನ ಸಾಮಾನು ಉಳಿಯಲೆಂದು.

ನಿಮ್ಮನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಕಮಿಟಿಯವರು ಸುಟ್ಟ ಗ್ಯಾಲರಿಯಲ್ಲಿ ಸೇರಿದರು. "ತೂ ತೋ ಇಂಜಿನಿಯರ್ ಹೈ ಬೇಟಾ, ಬೋಲ್, ಆಗ್ ಕೈಸೆ ಲಗೀ?" ಎಂದರು ಸೆಕ್ರೆಟರಿ. ಬೆಂಕಿ ಹೇಗೆ ಹತ್ತಿತೆಂದು ಇಂಜಿನಿಯರಾದ ನನ್ನನ್ನೇ ಕೇಳಿದ್ದು. ಮೂಲೆಯಲ್ಲಿ ನಿಮ್ಮ ಬೋರ್ಡು ಕರಗಿ ಬಿದ್ದಿತ್ತು. ನೀವು ಹಿಟ್ಟು ರುಬ್ಬಿ ಬಿಲ್ಡಿಂಗಿಗೆಲ್ಲ ಕೊಡುತ್ತಿದ್ದ ಗ್ರೈಂಡರಿನ ವೈರೂ ಅದಕ್ಕೇ ಸಿಕ್ಕಿಸಿತ್ತು. ನಾನು ಅದರತ್ತ ಬೆರಳು ತೋರಿಸಿದೆ. "ಬೋರ್ಡು ಹಳೇದು. ಗ್ರೈಂಡರಿನ ಲೋಡು ತಡೆಯಲಿಲ್ಲ."

ಅಷ್ಟೇ ಹೇಳಿದ್ದು. ಬ್ಯಾಟರಿಯ ಬಗ್ಗೆ ಯಾರೂ ಕೇಳಲಿಲ್ಲ, ಎಲ್ಲರೂ ಕದ್ದು ಚಾರ್ಜ್ ಮಾಡುವವರೇ. ಇಂಜಿನಿಯರ್ ಹೇಳಿದ ಮೇಲೆ ಮತ್ತೇನು? ನಿಮ್ಮನ್ನು ಮನೆ ಬಿಡಿಸಲು ಓನರ್‌ಗೂ ಅಷ್ಟೇ ಸಾಕಾಯಿತು. ನೀವು ಆಸ್ಪತ್ರೆಯಿಂದ ಬಂದದ್ದು ಸಾಮಾನು ಕಟ್ಟುವುದಕ್ಕೆ.

ನೀವು ವಾದ ಮಾಡಿದ್ದರೆ ಬಹುಶಃ ನಾನು — ಇಲ್ಲ, ಆಗಲೂ ಹೇಳುತ್ತಿರಲಿಲ್ಲ. ಆದರೆ ನೀವು ವಾದ ಮಾಡಲೇ ಇಲ್ಲ. ಆಸ್ಪತ್ರೆಯಲ್ಲಿ, ಬ್ಯಾಂಡೇಜ್ ಸುತ್ತಿದ ಬಲಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದವರು ನನ್ನನ್ನು ನೋಡಿ ಹೇಳಿದಿರಿ: "ನನ್ನ ಹಾಳು ಬೋರ್ಡಿನಿಂದ ನಿನ್ನ ಬ್ಯಾಟರಿ ಹೋಯ್ತಲ್ಲ ಮಗಾ. ಬೇಜಾರು ಮಾಡ್ಬೇಡ, ಆಯ್ತಾ?"

ನಾನು ತಲೆಯಾಡಿಸಿದೆ. ನಿಮ್ಮನ್ನು ಕ್ಷಮಿಸಿದವಳ ಹಾಗೆ.

ಈಗ ಸೊಸೈಟಿಯಲ್ಲಿ, ಗೇಟಿನ ಪಕ್ಕದ ನೆರಳಿನಲ್ಲಿ, ಚಾರ್ಜಿಂಗ್ ಪಾಯಿಂಟ್‌ಗಳಿವೆ. ಕಮಿಟಿಯವರು ನನ್ನಿಂದಲೇ ಹಾಕಿಸಿದರು. "ಬ್ಯಾಟರಿ ತಣ್ಣಗಾದ ಮೇಲೆ ಚಾರ್ಜ್ ಮಾಡಿ, ಏನನ್ನೂ ಹೊದಿಸಬೇಡಿ" ಎಂದು ಗೋಡೆಯ ಮೇಲೆ ಬರೆಸಿದ್ದೂ ನಾನೇ. ಅದರ ಮುಂದೆ ನಡೆಯುವಾಗ ತಲೆ ಎತ್ತುವುದಿಲ್ಲ.

ಮೊನ್ನೆ ಮುಂಬ್ರಾದಲ್ಲಿ ಈಗ ನೀವಿರುವ ನಿಮ್ಮ ತಂಗಿಯ ಮನೆಗೆ ಬಂದಿದ್ದೆನಲ್ಲ — ಹೇಳಲೆಂದೇ ಬಂದಿದ್ದೆ. ನೀವು ಎಡಗೈಯಲ್ಲಿ ಚಹಾ ತಂದಿರಿ. ಬಲಗೈಯ ಬೆರಳುಗಳು ಮಡಚಿಕೊಂಡೇ ಇದ್ದವು. ಮಿಕ್ಸಿ ಮುಟ್ಟಲು ಭಯ, ಮೊಬೈಲ್ ಚಾರ್ಜಿಗೆ ಹಾಕಲೂ ಭಯ, ಇನ್ನೊಬ್ಬರ ಮನೆಯನ್ನೂ ಸುಟ್ಟರೆ ಎಂದು ರಾತ್ರಿ ಎದ್ದೆದ್ದು ಸ್ವಿಚ್ ನೋಡುತ್ತೀರಿ ಎಂದು ನಿಮ್ಮ ತಂಗಿ ಹೇಳಿದರು. ನೀವು ನಗಲು ನೋಡಿದಿರಿ. ಆಮೇಲೆ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ, "ಈ ಬೋರ್ಡು ಸರಿ ಉಂಟಾ ನೋಡು ಮಗಾ. ನೀನು ಹೇಳಿದರೆ ನನಗೆ ಧೈರ್ಯ," ಎಂದಿರಿ.

ನೋಡಿದೆ. "ಸರಿ ಉಂಟು," ಎಂದೆ. ಚಪ್ಪಲಿ ಹಾಕಿಕೊಂಡು ಹೊರಟೆ.

ಮುಂದಿನ ಭಾನುವಾರ ಮತ್ತೆ ಬರುತ್ತೇನೆ, ಈ ಪತ್ರವನ್ನು ನಿಮ್ಮೆದುರು ಓದುತ್ತೇನೆ. ನಿಮ್ಮ ಬೋರ್ಡು ಸರಿಯೇ ಇತ್ತು, ಸರೋಜಕ್ಕ. ಇದನ್ನು ಹೇಳಿದರೆ ನಿಮ್ಮ ಬೆರಳು ಬಿಡಿಸಿಕೊಳ್ಳುವುದಿಲ್ಲ, ಬಿಟ್ಟ ಮನೆ ಬರುವುದಿಲ್ಲ. ನಿಮ್ಮ ಭಯವಾದರೂ ಹೋಗಬಹುದೇ ಎಂದು ಯೋಚಿಸಿದೆ. ಅದೂ ಹೋಗಲಾರದು. ಯಾವ ಸ್ವಿಚ್ ಸರಿಯಿದೆ ಎಂದು ಕೇಳಿ ನಂಬಲು ನಿಮಗೆ ಉಳಿದಿದ್ದವಳು ನಾನೊಬ್ಬಳೇ. ಇದನ್ನು ಓದಿದ ಮೇಲೆ ಅವಳೂ ಉಳಿಯುವುದಿಲ್ಲ.