ಕೊನೆಯ ಪಂದ್ಯಕ್ಕೆ ಸಿಕ್ಕ ಹೊಸ ಅಭಿಮಾನಿ

ಜಪಾನಿನ ಕಾಶಿವಾದಲ್ಲಿ ನಮ್ಮ ಮನೆಯ ಎಸಿ ಕೆಟ್ಟಿತ್ತು. ಭಾನುವಾರದ ಸೆಕೆ ತಡೆಯಲಾಗದೆ, ತಂಪಿಗೆಂದು ಹತ್ತಿರದ ಒಳಾಂಗಣ ಕ್ರೀಡಾಂಗಣಕ್ಕೆ ನುಗ್ಗಿದೆ. ಒಳಗೆ ಯಾವುದೋ ಸಣ್ಣ ಲೀಗಿನ ಫುಟ್‌ಬಾಲ್ ನಡೆಯುತ್ತಿತ್ತು. ಪ್ರವೇಶ ಉಚಿತ, ಕುರ್ಚಿಗಳು ಬಹುಪಾಲು ಖಾಲಿ. ಊರಿನ ತಂಡ ಚೆನ್ನಾಗಿ ಸೋಲುತ್ತಿತ್ತು. ನಾನು ಚೆನ್ನಾಗಿ ತೂಕಡಿಸಿದೆ.

ಮುಗಿದ ಮೇಲೆ ನೋಡಿದರೆ, ಸೋತ ಆಟಗಾರರೆಲ್ಲ ಬಾಗಿಲಲ್ಲಿ ಸಾಲಾಗಿ ನಿಂತು ಒಬ್ಬೊಬ್ಬ ಪ್ರೇಕ್ಷಕರಿಗೂ ಬಗ್ಗಿ ವಂದಿಸುತ್ತಿದ್ದಾರೆ. ನಾಯಕ ತಂಡದ ಹೆಸರಿದ್ದ ಟವೆಲನ್ನು ಎರಡೂ ಕೈಯಿಂದ ನನಗೆ ಕೊಟ್ಟು, "ಎರಡು ವರ್ಷ ನಮ್ಮ ಜೊತೆಗಿದ್ರಿ. ಇವತ್ತಿಗೆ ತಂಡ ಮುಚ್ತಾ ಇದ್ದೀವಿ. ಗೆಲ್ಲೋಕಾಗಲಿಲ್ಲ, ಕ್ಷಮಿಸಿ" ಎಂದ.

ನನಗೆ ಕಸಿವಿಸಿಯಾಯಿತು. ಟವೆಲ್ ವಾಪಸ್ ಚಾಚಿ, "ಸುಮಿಮಾಸೆನ್, ಕ್ಷಮಿಸಿ, ನಾನು ಬಂದಿದ್ದು ಇವತ್ತೇ ಮೊದಲು" ಎಂದೆ.

ಅವನ ಮುಖ ಬಾಡುತ್ತದೆ ಅಂದುಕೊಂಡಿದ್ದೆ. ಅವನೋ ಸಾಲಿನ ಕಡೆ ತಿರುಗಿ, "ಹೊಸಬರೊಬ್ಬರು ಬಂದಿದ್ದಾರೆ!" ಎಂದು ಕೂಗಿದ. ಇಡೀ ತಂಡ ಓಡಿಬಂದು ನನ್ನ ಸುತ್ತ ನಿಂತಿತು. ಅಳುತ್ತಿದ್ದ ಗೋಲ್‌ಕೀಪರ್ ಕಣ್ಣೊರೆಸಿಕೊಂಡು, "ನಮ್ಮ ಆಟದಲ್ಲಿ ನಿಮಗೇನು ಹಿಡಿಸಿತು?" ಎಂದು ಕೇಳಿದ.

ಎಸಿ ಅನ್ನಲು ಬಾಯಿ ಬರಲಿಲ್ಲ. "ಸೋಲ್ತಾ ಇದ್ರೂ ಕೊನೇವರೆಗೂ ಓಡಿದ್ರಲ್ಲ, ಅದು" ಎಂದೆ. ಹೇಳಿದ ಮೇಲೆ, ಹೌದಲ್ಲ, ಓಡಿದ್ದರು ಅನ್ನಿಸಿತು. ನಾಯಕ ಟವೆಲನ್ನು ಮತ್ತೆ ನನ್ನ ಕೈಗೇ ಇಟ್ಟ. ಎಲ್ಲರೂ ಇನ್ನೊಮ್ಮೆ ಬಗ್ಗಿದರು. ನಾನೂ ಬಗ್ಗಿದೆ.

ಮುಂದಿನ ಭಾನುವಾರವೂ ಎಸಿ ರಿಪೇರಿಯಾಗಿರಲಿಲ್ಲ. ಮತ್ತೆ ಅಲ್ಲಿಗೇ ಹೋದೆ. ಬೇರೆ ಯಾವುದೋ ತಂಡ ಸೊಗಸಾಗಿ ಆಡುತ್ತಿತ್ತು, ತಂಪೂ ಹಾಗೇ ಇತ್ತು. ಆದರೆ ಅದು ನಮ್ಮ ತಂಡವಲ್ಲವಲ್ಲ! ಕೂರಲು ಮನಸ್ಸಾಗದೆ, ಆ ಟವೆಲಿನಿಂದಲೇ ಬೆವರು ಒರೆಸಿಕೊಳ್ಳುತ್ತ ಬಿಸಿಲಿಗೆ ವಾಪಸ್ ನಡೆದೆ.