ಒರತೆ ಎಂದು ಬರೆದ ಮೂರು ವರ್ಷ

ದೊಡ್ಡ ಅಣೆಕಟ್ಟು ಸ್ವಲ್ಪ ಬೆವರಿದರೂ ಸಮಿತಿ ಕೂರುತ್ತದೆ. ಮಂಗಳೂರಿನ ಅಂಚಿನಲ್ಲಿ, ಎರಡು ಗುಡ್ಡಗಳ ನಡುವೆ, ಯಾರದೋ ಸ್ವಂತ ಜಾಗದಲ್ಲಿರುವ ಸಣ್ಣ ಅಣೆಕಟ್ಟನ್ನು ಮಾತ್ರ ಕೇಳುವವರಿಲ್ಲ. ಕೇಳುವ ಕೆಲಸವೆಂದು ಏನಾದರೂ ಇದ್ದಿದ್ದರೆ ಅದು ನನ್ನದಾಗಿತ್ತು. ನಿವೃತ್ತಿಗೆ ಮೊದಲಿನ ಕೆಲವು ವರ್ಷ, ಮಳೆಗಾಲಕ್ಕೆ ಮುಂಚೆ, ಮನೆಗಳ ಮೇಲ್ಬದಿಯಲ್ಲಿರುವ ಇಂಥ ಕಟ್ಟೆಗಳನ್ನು ನೋಡಿ ಒಂದು ಫಾರಂ ತುಂಬಿ ಕಳುಹಿಸುತ್ತಿದ್ದೆ. ಇಂಜಿನಿಯರ್ ಎಂಬ ಹೆಸರು, ಕೈಯಲ್ಲಿ ಕೊಡೆ, ಅಧಿಕಾರ ಸೊನ್ನೆ. ಖಾಸಗಿಯವರಿಗೆ ಸಲಹೆ ಕೊಡಬಹುದು, ಅಷ್ಟೆ.

ಆ ಅಣೆಕಟ್ಟಿನ ಮಾಲಿಕರು ಹಳೆಯ ಜಮೀನಿನ ಮನೆತನದವರು. ಈಗ ಕೊಡಿಯಾಲ್‌ಬೈಲಿನಲ್ಲಿ ಹೋಟೆಲು. ಕೆಳಗಿನ ಮನೆಯವರ ಬಾಯಲ್ಲಿ ಇವತ್ತಿಗೂ ‘ಧಣಿ’. ನಾನು ಹೋದ ದಿನ ತಾವೇ ಬಂದು ಗೇಟು ತೆರೆದು, ಮಣ್ಣಿನ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನನ್ನೊಂದಿಗೆ ನಡೆಯುತ್ತಿದ್ದರು. ಮೊದಲ ವರ್ಷ, ಏರಿಯ ಬುಡದಲ್ಲಿ ಒಂದು ಕಡೆ ಮಾತ್ರ ಹುಲ್ಲು ದಟ್ಟ ಹಸಿರಾಗಿರುವುದು ಮೇಲಿನಿಂದ ಕಂಡಿತು.

“ಅಲ್ಲಿ ಸೋರ್ತಾ ಉಂಟಾ?” ಎಂದು ಕೇಳಿದೆ.

“ಸೋರುವುದಾ? ಅದು ಒರತೆ ಮೇಡಂ,” ಎಂದರು, ಸ್ವಲ್ಪ ನೊಂದುಕೊಂಡು. “ಅಜ್ಜನ ಕಾಲದಿಂದ ಉಂಟು. ಸಂಕ್ರಮಣಕ್ಕೆ ನಾವು ದೀಪ ಇಡ್ತೇವೆ. ಕೆಳಗಿನವರು ಅದನ್ನೇ ಕುಡಿಯುವುದು.”

ದೀಪ ಇಡುವ ನೀರನ್ನು ಸೋರಿಕೆ ಎನ್ನಲು ನನಗೆ ಬಾಯಿ ಬರಲಿಲ್ಲ. ನಾನೂ ದೇವಸ್ಥಾನದ ಅರ್ಚಕರ ಮನೆಯಲ್ಲಿ ಹುಟ್ಟಿದವಳೇ. ಸಾಲದ್ದಕ್ಕೆ ಬಿಸಿಲು ನೆತ್ತಿಗೇರಿತ್ತು, ಅವರ ಮನೆಯಲ್ಲಿ ನೀರುದೋಸೆ ಕಾಯುತ್ತಿತ್ತು. ‘ಸೋರಿಕೆ: ಇಲ್ಲ, ಒರತೆ’ ಎಂದು ಬರೆದೆ. ಮುಂದಿನ ಎರಡು ವರ್ಷ ಹಿಂದಿನ ಫಾರಂ ನೋಡಿ ಬರೆದೆ. ನನ್ನ ಅಕ್ಷರವನ್ನು ನಾನೇ ನಂಬುವಷ್ಟು ಸೋಮಾರಿಯಾಗಿದ್ದೆ.

ನಾಲ್ಕನೆಯ ವರ್ಷ ಹೋಟೆಲಿನಲ್ಲಿ ಮದುವೆಯ ಊಟವಿದ್ದು ಧಣಿಗಳು ಬರುವುದು ತಡವಾಯಿತು. ಗೇಟಿಗೆ ಬೀಗ. ಕಾಯುವ ತಾಳ್ಮೆ ನನ್ನ ಜಾತಕದಲ್ಲೇ ಇಲ್ಲ. ಕೆಳಗಿನ ಏಳು ಮನೆಗಳ ಓಣಿಯಿಂದ ಏರಿಯನ್ನು ಹತ್ತೋಣವೆಂದು ಹೊರಟೆ. ಕೊನೆಯ ಮನೆಯ ಅಂಗಳದಲ್ಲಿ ನನ್ನಷ್ಟೇ ಪ್ರಾಯದ ಹೆಂಗಸೊಬ್ಬರು ಕೊಡಪಾನದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದರು. ಬಟ್ಟೆಯ ನಡುವೆ ಕೆಂಪಗೆ ಕೆಸರು ಕೂತಿತ್ತು.

“ಒರತೆಯ ನೀರಾ ಅಕ್ಕ? ಸೋಸುವುದು ಎಂತಕ್ಕೆ?”

“ಹೋದ ಬೇಸಗೆಯಿಂದ ಸ್ವಲ್ಪ ಕೆಂಪು ಬರ್ತದೆ ಅಮ್ಮ. ಈ ಸಲ ಜಾಸ್ತಿ. ಸೋಸಿದ್ರೆ ಎಂತ ತೊಂದರೆ ಇಲ್ಲ, ರುಚಿ ಹಾಗೇ ಉಂಟು.”

ಮಣ್ಣಿನ ಏರಿಯಿಂದ ತಿಳಿನೀರು ಜಿನುಗಿದರೆ ಅಷ್ಟು ಹೆದರಬೇಕಾಗಿಲ್ಲ. ಕೆಂಪು ನೀರು ಬಂತೆಂದರೆ, ನೀರು ಒಳಗೊಳಗೇ ಮಣ್ಣು ಕೊರೆದು ದಾರಿ ಮಾಡಿಕೊಳ್ಳುತ್ತಿದೆ ಎಂದರ್ಥ. ಆ ಅಕ್ಕ ದಿನವೂ ಸೋಸಿ ಚೆಲ್ಲುತ್ತಿದ್ದದ್ದು ಅಣೆಕಟ್ಟನ್ನೇ. ಗೇಟಿಗೆ ಬೀಗ ಇರದಿದ್ದರೆ ಆ ವರ್ಷವೂ ಒರತೆ ಎಂದೇ ಬರೆದು ದೋಸೆ ತಿನ್ನುತ್ತಿದ್ದೆ.

ಬಟ್ಟೆಯನ್ನು ಕೇಳಿ ತೆಗೆದುಕೊಂಡೆ. ಧಣಿಗಳು ಬಂದ ಕೂಡಲೇ ಅವರ ಕಾರಿನ ಬಾನೆಟ್ಟಿನ ಮೇಲೆ ಹರಡಿದೆ.

“ಇದು ನಿಮ್ಮ ಏರಿಯ ಮಣ್ಣು. ಕಟ್ಟೆಯ ನೀರು ಪೂರ್ತಿ ಹೊರಗೆ ಬಿಡಬೇಕು, ಇವತ್ತೇ ಶುರು ಮಾಡಿ. ಒತ್ತಾಯ ಮಾಡುವ ಅಧಿಕಾರ ನನಗಿಲ್ಲ. ಆದ್ರೆ ಒಂದು ದೊಡ್ಡ ಮಳೆ ಬಂದ್ರೆ ಏಳು ಮನೆಯೂ ಹೋಗ್ತದೆ.”

ಅವರು ಬಟ್ಟೆಯ ಮೇಲಿನ ಕೆಸರನ್ನು ಬೆರಳಲ್ಲಿ ಉಜ್ಜಿ ನೋಡಿದರು. ಒಪ್ಪದಿದ್ದರೆ ನಾನು ಮೇಲಿನವರಿಗೆ ಪತ್ರ ಬರೆಯುತ್ತ ಕೂರಬೇಕಿತ್ತು. ಮಳೆ ಆ ಪತ್ರದ ಉತ್ತರಕ್ಕೆ ಕಾಯುತ್ತಿರಲಿಲ್ಲ.

“ಅಜ್ಜ ಕಟ್ಟಿಸಿದ್ದು ಮೇಡಂ,” ಎಂದರು. ಆಮೇಲೆ, “ನೀರು ಇಳಿಯುವವರೆಗೆ ಆ ಮನೆಯವರು ಎಲ್ಲಿ ಇರುವುದು?” ಎಂದು ಕೇಳಿದರು.

ಆ ಒಂದು ಪ್ರಶ್ನೆಗಾಗಿ ಅವರ ಮೇಲೆ ನನಗೆ ಇಂದಿಗೂ ಗೌರವ. ಸಂಜೆಯೊಳಗೆ ಏಳೂ ಮನೆಯವರು ಅವರ ಹೋಟೆಲಿನ ಕೋಣೆಗಳಲ್ಲಿದ್ದರು. ತುಕ್ಕು ಹಿಡಿದಿದ್ದ ತೂಬಿನ ಬಾಗಿಲನ್ನು ಬಡಿದು ಸಡಿಲಿಸಿ, ಸ್ವಲ್ಪ ಸ್ವಲ್ಪವೇ ಎತ್ತಿ, ಆರು ದಿನ ನೀರು ಬಿಟ್ಟೆವು. ಕೆರೆಯ ತಳ ಕಂಡ ಮರುದಿನ ಅಜ್ಜನ ಕಾಲದ ಒರತೆಯೂ ನಿಂತುಹೋಯಿತು. ಧಣಿಗಳು ಆ ಒದ್ದೆ ಜಾಗದಲ್ಲಿದ್ದ ಹಳೆಯ ಹಣತೆಯನ್ನು ಎತ್ತಿ ಒರೆಸಿಕೊಂಡರು, ನನಗೆ ಪಾಪ ಅನಿಸಿತು.

ಹಿಂದಿನ ವರ್ಷಗಳಲ್ಲಿ ಸೋರಿಕೆ ಇಲ್ಲವೆಂದು ಬರೆದದ್ದೇಕೆ ಎಂದು ಮೇಲಿನ ಕಚೇರಿಯಿಂದ ಪತ್ರ ಬಂತು.

“ನಾನು ಸುಳ್ಳು ಹೇಳಿದೆ ಅಂತ ಬರೆದುಬಿಡಿ ಮಾರಾಯ್ರೆ. ನನಗೆ ಎಂತ ಆಗ್ತದೆ?” ಎಂದರು ಧಣಿಗಳು.

ನನಗೆ ಸಿಟ್ಟು ಬಂತು. ಅವರು ಸುಳ್ಳು ಹೇಳಿರಲಿಲ್ಲ, ನಂಬಿದ್ದರು. ನಂಬುವುದು ಅವರ ಮನೆಯ ವಿಷಯ. ಇಳಿದು ನೋಡುವುದಕ್ಕೆ ನನಗೆ ಸಂಬಳ. ಹಾಗೆಯೇ ಬರೆದು ಸಹಿ ಹಾಕಿದೆ.

ಎಲ್ಲರೂ ಮನೆಗಳಿಗೆ ಮರಳಿದ ಮೇಲೆ ಕೊನೆಯ ಮನೆಗೆ ಹೋದೆ. ಧಣಿಗಳು ತಮ್ಮ ಬಾವಿಯಿಂದ ಅಲ್ಲಿಗೆ ಪೈಪು ಎಳೆಸಿದ್ದರು. ಕ್ಷಮೆ ಕೇಳಬೇಕೆಂದು ಹೋಗಿದ್ದವಳು ನಾನು. ಬಾಯಿ ತೆರೆಯುವ ಮೊದಲೇ ಆ ಅಕ್ಕ ಶುರು ಮಾಡಿದರು.

“ನನ್ನಿಂದ ತಪ್ಪಾಯ್ತು ಅಮ್ಮ. ಹೋದ ವರ್ಷ ನೀವು ಏರಿಯ ಮೇಲೆ ಬಂದದ್ದು ನನಗೆ ಇಲ್ಲಿಂದ ಕಾಣ್ತಿತ್ತು. ಕರೆದು ಹೇಳಬೇಕಿತ್ತು. ದೊಡ್ಡವರು ಮಾತಾಡುವಾಗ ನಾನೆಂತ ಹೇಳುವುದು ಅಂತ ಸುಮ್ಮನಾದೆ.”

“ಇಲ್ಲ ಅಕ್ಕ, ಇಳಿದು ಬಂದು ಕೇಳಬೇಕಾದವಳು ನಾನು,” ಎಂದೆ.

ಅವರು ಒಪ್ಪಲೇ ಇಲ್ಲ. ಚಾಪೆ ಹಾಸಿ ಕೂರಿಸಿ, ಬೆಲ್ಲ ನೀರು ತಂದಿಟ್ಟು, ಮತ್ತೆ ಅದನ್ನೇ ಹೇಳಿದರು. ಎರಡು ಮಾತು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.